ನಿಮಗಿದು ಗೊತ್ತೆ? ಹೋಟೆಲ್ ಕಾರಿಡಾರೇ ಸ್ಟುಡಿಯೊ!

ಹಾರ್ಡ್ ರಾಕ್‌ನ ಮೇರು ಆಲ್ಬಂ ‘ಮಷೀನ್ ಹೆಡ್’ ಧ್ವನಿಮುದ್ರಣಗೊಂಡದ್ದು ಸ್ಟುಡಿಯೊದಲ್ಲಲ್ಲ, ಖಾಲಿ ಹೋಟೆಲೊಂದರ ಕಾರಿಡಾರ್‌ನಲ್ಲಿ!

ಈ ಆಲ್ಬಂಗಾಗಿ ಬ್ರಿಟನ್ನಿನ ಡೀಪ್ ಪರ್ಪಲ್ ತಂಡ 1971ರ ಡಿಸೆಂಬರ್‌ನಲ್ಲಿ ಸ್ವಿಟ್ಜರ್ಲೆಂಡಿನ ಮಾಂಟ್ರೊಗೆ ಹೋಗಿತ್ತು. ಅಲ್ಲಿನ ಕ್ಯಾಸಿನೊದಲ್ಲಿ ರೆಕಾರ್ಡಿಂಗ್ ನಡೆಯಬೇಕಿತ್ತು. ಅಷ್ಟರಲ್ಲಿ ಅಲ್ಲೇ ನಡೆದ ಸಂಗೀತಗಾರ ಫ್ರಾಂಕ್ ಝಾಪ್ಪ ಅವರ ಕಾರ್ಯಕ್ರಮದ ವೇಳೆ ಪ್ರೇಕ್ಷಕನೊಬ್ಬ ಫ್ಲೇರ್ ಗನ್ ಹಾರಿಸಿದ. ಕ್ಯಾಸಿನೊ ಸುಟ್ಟು ಬೂದಿಯಾಯಿತು. ಪಕ್ಕದ ಸರೋವರದ ಮೇಲೆ ಹಬ್ಬಿದ ಆ ಹೊಗೆಯೇ ಇದೇ ಆಲ್ಬಂನ ‘ಸ್ಮೋಕ್ ಆನ್ ದ ವಾಟರ್’ ಹಾಡಿಗೆ ವಸ್ತುವಾಯಿತು.

ಕೊನೆಗೆ ಸಿಕ್ಕಿದ್ದು ಚಳಿಗಾಲಕ್ಕೆ ಮುಚ್ಚಿದ್ದ ಗ್ರ್ಯಾಂಡ್ ಹೋಟೆಲ್. ಸದ್ದು ತಡೆಯಲು ಹಾಸಿಗೆಗಳನ್ನು ಒಡ್ಡಿದರು. ರೆಕಾರ್ಡಿಂಗ್ ಯಂತ್ರಗಳೆಲ್ಲ ಹೊರಗೆ ನಿಂತಿದ್ದ ರೋಲಿಂಗ್ ಸ್ಟೋನ್ಸ್ ತಂಡದ ಲಾರಿಯಲ್ಲಿದ್ದವು!

1972ರಲ್ಲಿ ಬಿಡುಗಡೆಯಾದ ಆಲ್ಬಂ ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೇರಿತು. 2001ರಲ್ಲಿ ಡೀಪ್ ಪರ್ಪಲ್ ತಂಡ ಬೆಂಗಳೂರಿಗೂ ಬಂದು ಕಾರ್ಯಕ್ರಮ ನೀಡಿತ್ತು.