ಕಲಿಕೆಯ ತಪ್ಪು ರೋಗಿಯ ಕಾಲಿಗೇಕೆ?

ಪುತ್ತೂರು ಮಹಾಲಿಂಗೇಶ್ವರನ ಜಾತ್ರೆ ನಡೆಯುವುದು ಏಪ್ರಿಲ್‌ನ ಸುಡುಬಿಸಿಲಿನಲ್ಲಿ. ಕೆಲವು ವರ್ಷಗಳ ಹಿಂದೆ ಬರಿಗಾಲಿನಲ್ಲಿ ಜಾತ್ರೆ ಮುಗಿಸಿ ಬಂದ ನನ್ನ ಸೋದರಮಾವನ ಅಂಗಾಲಿನಲ್ಲಿ, ಬೆರಳಿನ ಬುಡಕ್ಕೆ ಗುಳ್ಳೆ ಎದ್ದಿತ್ತು. ಸಕ್ಕರೆ ಕಾಯಿಲೆ ಬಂದು ಆಗಲೇ ಹದಿನೈದು ವರ್ಷ. “ನೋವೇ ಇಲ್ಲ ಮಾರಾಯಾ, ಎಂತ ಹೆದರಿಕೆ?” ಎಂದು ನಕ್ಕು ಮರುದಿನವೇ ಅಡಿಕೆ ತೋಟಕ್ಕೆ ಇಳಿದರು. ನೋವಿಲ್ಲದಿರುವುದೇ ಅಪಾಯ ಎಂಬುದು ಅವರಿಗೆ ತಿಳಿದಿರಲಿಲ್ಲ. ಮೂರು ವಾರ ಅಚ್ಚುಕಟ್ಟಾಗಿ ಬ್ಯಾಂಡೇಜ್ ಸುತ್ತಿದ ಚಿಕಿತ್ಸಾಲಯಕ್ಕೂ ಗಾಯದ ಆಳ ತಿಳಿಯಲಿಲ್ಲ. ಮಂಗಳೂರಿಗೆ ಕರೆದೊಯ್ಯುವಷ್ಟರಲ್ಲಿ ಸೋಂಕು ಮೂಳೆಗೆ ಇಳಿದಿತ್ತು. ಎರಡು ಬೆರಳುಗಳನ್ನು ತೆಗೆಯಬೇಕಾಯಿತು.

ಆ ವೈದ್ಯರನ್ನು ದೂರುವುದು ನನ್ನ ಉದ್ದೇಶವಲ್ಲ. ಮಧುಮೇಹಿಯ ಪಾದದ ಗಾಯಕ್ಕೆ ಪುಸ್ತಕದ ಓದೊಂದೇ ಸಾಲದು. ಅದು ಕೈಗೆ ಒಗ್ಗಬೇಕಾದ ವಿದ್ಯೆ. ಹತ್ತು ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆಯನ್ನು ಅಂಗಾಲಿಗೆ ತಾಗಿಸಿ ಸ್ಪರ್ಶಜ್ಞಾನ ಪರೀಕ್ಷಿಸಬೇಕು. ಮೊಂಡು ತುದಿಯ ಲೋಹದ ಕಡ್ಡಿಯನ್ನು ಗಾಯದೊಳಗೆ ಇಳಿಸಿ, ಮೂಳೆ ತಾಗುತ್ತದೆಯೇ ಎಂದು ನೋಡಬೇಕು. ಸತ್ತ ಮಾಂಸವನ್ನು ಕತ್ತರಿಸುತ್ತ ಹೋಗಿ ಜೀವಂತ ಮಾಂಸದ ಅಂಚಿನಲ್ಲಿ ಚಾಕು ನಿಲ್ಲಿಸಬೇಕು. ಕಡಿಮೆ ತೆಗೆದರೆ ಸೋಂಕು ಉಳಿಯುತ್ತದೆ, ಹೆಚ್ಚು ತೆಗೆದರೆ ಹೊಸ ಗಾಯವಾಗುತ್ತದೆ. ಪಾದದ ಭಾರ ಇಳಿಸಲು ಹಾಕುವ ಪ್ಲಾಸ್ಟರ್ ಸರಿಯಾಗಿ ಕೂರದಿದ್ದರೆ ಅದೇ ಇನ್ನೊಂದು ಹುಣ್ಣಿಗೆ ಕಾರಣವಾಗುತ್ತದೆ.

ಇದನ್ನೆಲ್ಲ ರೋಗಿಯ ಕಾಲಿನ ಮೇಲೆಯೇ ಮೊದಲು ಕಲಿಯಬೇಕೇ? ವಿಟ್ಲದಲ್ಲಿ ಅಡಿಕೆ ಮರ ಏರುವವರಿಗೂ ತರಬೇತಿ ಶಿಬಿರಗಳು ನಡೆದಿವೆ. ವೈದ್ಯರಿಗೂ ಸಿಲಿಕೋನ್‌ನಲ್ಲಿ ರೂಪಿಸಿದ ಹುಣ್ಣಿನ ಪಾದಗಳಿವೆ. ಚಾಕುವಿನ ಹದ ಕಲಿಯಲು ಹಂದಿಯ ಕಾಲು ಸಾಕು. ಅಲ್ಲಿ ಕೈ ತಪ್ಪಿದರೆ ಮತ್ತೊಮ್ಮೆ ಮಾಡಬಹುದು, ಯಾರ ಬೆರಳೂ ಹೋಗುವುದಿಲ್ಲ.

2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ 10.1 ಕೋಟಿ ಮಧುಮೇಹಿಗಳಿದ್ದಾರೆ. 2019ರಿಂದ ಜಾರಿಗೆ ಬಂದ ಎಂಬಿಬಿಎಸ್ ಪಠ್ಯಕ್ರಮವು ಪ್ರತಿ ವೈದ್ಯಕೀಯ ಕಾಲೇಜಿನಲ್ಲೂ ಕೌಶಲ ಪ್ರಯೋಗಾಲಯವನ್ನು ಕಡ್ಡಾಯಗೊಳಿಸಿದೆ. ಮಂಗಳೂರು, ಮಣಿಪಾಲಗಳಲ್ಲಿ ಕಾಲೇಜುಗಳಿಗೆ ಕೊರತೆಯಿಲ್ಲ. ಆದರೆ ಅಲ್ಲಿ ಕಲಿಯುವವರು ನಾಳಿನ ವೈದ್ಯರು. ಪುತ್ತೂರು, ಸುಳ್ಯ, ಕಡಬಗಳಲ್ಲಿ ಇಂದು ಗಾಯ ಬಿಚ್ಚಿ ನೋಡುವ ವೈದ್ಯರು ಮತ್ತು ದಾದಿಯರಿಗೆ ಆ ಬಾಗಿಲು ತೆರೆಯಬೇಕು. ಇಬ್ಬರೂ ಜೊತೆಯಾಗಿ ಕಲಿಯುವುದು ಒಳಿತು. ಏಕೆಂದರೆ ದಿನವೂ ಬ್ಯಾಂಡೇಜ್ ಬಿಚ್ಚುವವರು ದಾದಿಯರೇ. ತಿಂಗಳಿಗೊಂದು ದಿನವನ್ನು ಇದಕ್ಕೆ ಮೀಸಲಿಡುವಂತೆ ಕಾಲೇಜುಗಳೂ ಆರೋಗ್ಯ ಇಲಾಖೆಯೂ ಕೂಡಿ ಏರ್ಪಾಡು ಮಾಡಿದರೆ ದೊಡ್ಡ ವೆಚ್ಚವೇನೂ ಆಗದು.

ಮಾವ ಈಗ ತೋಟಕ್ಕೂ ಚಪ್ಪಲಿ ಮೆಟ್ಟಿಯೇ ಹೋಗುತ್ತಾರೆ. ಪ್ರತಿ ರಾತ್ರಿ ಕನ್ನಡಿ ಹಿಡಿದು ಅಂಗಾಲು ನೋಡಿಕೊಳ್ಳುತ್ತಾರೆ. ಅವರು ತಮ್ಮ ಪಾಠ ಕಲಿತಿದ್ದಾರೆ. ನಾಳೆ ಆ ಕನ್ನಡಿಯಲ್ಲಿ ಗಾಯವೊಂದು ಕಂಡರೆ, ಪಳಗಿದ ಕೈಯೊಂದು ಊರಿನಲ್ಲೇ ಸಿಗಬೇಕಲ್ಲವೇ?