ಎಕ್ಸ್-ರೇ ಅಳತೆ: ನೆರಳನ್ನು ಎಷ್ಟು ನಂಬಬೇಕು?

ಗಿಡ್ಡವಾದ ಕಾಲನ್ನು ಉದ್ದ ಮಾಡಲು ಸಾಧ್ಯವೇ? ಸಾಧ್ಯವೆಂದು 1950ರ ದಶಕದಲ್ಲಿ ತೋರಿಸಿಕೊಟ್ಟವರು ಸೈಬೀರಿಯಾದ ಕುರ್ಗಾನ್ ಪಟ್ಟಣದ ವೈದ್ಯ ಗವ್ರಿಲ್ ಇಲಿಜರೋವ್. ಅವರ ವಿಧಾನದಲ್ಲಿ ಮೂಳೆಯನ್ನು ಕತ್ತರಿಸಿ, ಎರಡೂ ತುಂಡುಗಳನ್ನು ತಂತಿಗಳ ಮೂಲಕ ಕಾಲಿನ ಸುತ್ತಲಿನ ಲೋಹದ ಬಳೆಗಳಿಗೆ ಬಿಗಿಯುತ್ತಾರೆ. ಕೆಲವು ದಿನಗಳ ನಂತರ ಬಳೆಗಳ ನಡುವಿನ ತಿರುಪುಗಳನ್ನು ತಿರುಗಿಸತೊಡಗುತ್ತಾರೆ. ಸಾಮಾನ್ಯವಾಗಿ ದಿನಕ್ಕೆ ನಾಲ್ಕು ಬಾರಿ, ಪ್ರತಿ ಬಾರಿ 0.25 ಮಿ.ಮೀ. ಹೀಗೆ ನಿಧಾನವಾಗಿ ಹಿಗ್ಗುವ ಸಂದಿನಲ್ಲಿ ಹೊಸ ಮೂಳೆ ಬೆಳೆಯುತ್ತದೆ.

ಎಷ್ಟು ಉದ್ದವಾಯಿತು, ಯಾವಾಗ ನಿಲ್ಲಿಸಬೇಕು ಎಂದು ತಿಳಿಯಲು ವೈದ್ಯರು ನೋಡುವುದು ಎಕ್ಸ್-ರೇ ಚಿತ್ರವನ್ನು. ಆದರೆ ಅದು ಮೂಳೆಯ ನೆರಳು ಮಾತ್ರ. ದೀಪಕ್ಕೂ ಗೋಡೆಗೂ ನಡುವೆ ಕೈ ಹಿಡಿದು ನೋಡಿ. ಕೈ ಗೋಡೆಯಿಂದ ದೂರವಾದಷ್ಟೂ ನೆರಳು ದೊಡ್ಡದಾಗುತ್ತದೆ. ಒಂದು ಬಿಂದುವಿನಿಂದ ಹರಡುವ ಎಕ್ಸ್-ಕಿರಣಗಳಲ್ಲೂ ಆಗುವುದು ಇದೇ.

ಲೆಕ್ಕಕ್ಕೆ ಪ್ರೌಢಶಾಲೆಯ ಸಮರೂಪ ತ್ರಿಭುಜಗಳ ಪಾಠ ಸಾಕು. ಕಿರಣದ ಕೊಳವೆ ಫಿಲ್ಮಿನಿಂದ 100 ಸೆಂ.ಮೀ., ಮೂಳೆ 10 ಸೆಂ.ಮೀ. ಮೇಲಿದೆ ಎನ್ನೋಣ. 100ನ್ನು 90ರಿಂದ ಭಾಗಿಸಿದರೆ ನೆರಳು ಸುಮಾರು 1.11 ಪಟ್ಟು. ಚಿತ್ರದಲ್ಲಿ 5 ಸೆಂ.ಮೀ. ಕಂಡ ಸಂದು ನಿಜವಾಗಿ 4.5 ಸೆಂ.ಮೀ. ಮಾತ್ರ! ಅಲ್ಲಿಗೇ ತಿರುಪು ನಿಲ್ಲಿಸಿದರೆ, ಅಷ್ಟು ದಿನ ನೋವುಂಡ ರೋಗಿಯ ಕಾಲು ಅರ್ಧ ಸೆಂ.ಮೀ. ಗಿಡ್ಡವಾಗಿಯೇ ಉಳಿಯುತ್ತದೆ.

ವಿರುದ್ಧ ದಿಕ್ಕಿನ ತಪ್ಪೂ ಉಂಟು. ಹಿಗ್ಗಿಸುವಾಗ ಸ್ನಾಯುಗಳು ಬಿಗಿದು ಮೊಣಕಾಲು ಮಡಿಚಿಕೊಳ್ಳಬಹುದು. ಆಗ ಓರೆಯಾದ ಮೂಳೆಯ ನೆರಳು ಗಿಡ್ಡವಾಗಿ ಕಾಣುತ್ತದೆ.

ಪರಿಹಾರಗಳೂ ಸರಳ. ಕೊಳವೆಯನ್ನು 3 ಮೀಟರ್ ದೂರವಿಟ್ಟರೆ ಇದೇ ಹಿಗ್ಗುವಿಕೆ ಶೇ 3.4ಕ್ಕೆ ಇಳಿಯುತ್ತದೆ. 25 ಮಿ.ಮೀ. ವ್ಯಾಸದ ಲೋಹದ ಗುಂಡನ್ನು ಜೊತೆಗಿಟ್ಟು ಚಿತ್ರ ತೆಗೆದರೆ, ಅದರ ನೆರಳು 27.5 ಮಿ.ಮೀ. ಇದ್ದಾಗ ಎಲ್ಲ ಅಳತೆಯನ್ನೂ 1.1ರಿಂದ ಭಾಗಿಸಬಹುದು. ಆದರೆ ಗುಂಡು ಮೂಳೆಯ ಮಟ್ಟದಲ್ಲೇ ಇರಬೇಕು. ಮೇಜಿನ ಮೇಲಿಟ್ಟರೆ ಅದರ ನೆರಳು ಅಷ್ಟು ಹಿಗ್ಗದು, ಲೆಕ್ಕ ತಪ್ಪುತ್ತದೆ. ಕಂಪ್ಯೂಟರ್ ಪರದೆಯ ಮೇಲೆ ಅಳೆದರೂ ಈ ನಿಯಮ ತಪ್ಪದು.

ತಿರುಪಿನ ಸುತ್ತುಗಳನ್ನು ಎಣಿಸಿದರೆ ಸಾಲದೇ? ಸಾಲದು. ತಂತಿಗಳು ಬಾಗುವುದರಿಂದ ಬಳೆಗಳು ಸರಿದಷ್ಟೇ ಮೂಳೆ ಸರಿದಿರಲಾರದು. ಆದ್ದರಿಂದ ಪ್ರತಿ ಬಾರಿಯೂ ಅದೇ ದೂರ, ಅದೇ ಭಂಗಿಯಲ್ಲಿ ಚಿತ್ರ ತೆಗೆದು ಸುತ್ತುಗಳ ಲೆಕ್ಕದೊಡನೆ ತಾಳೆ ನೋಡಬೇಕು. ರೋಗಿಯನ್ನು ನಿಲ್ಲಿಸಿ, ಗಿಡ್ಡ ಕಾಲಿನಡಿ ಮರದ ಹಲಗೆಗಳನ್ನಿಟ್ಟು ಸೊಂಟ ಸಮವಾಗುವುದನ್ನು ನೋಡುವ ಹಳೆಯ ಪರೀಕ್ಷೆಗೂ ಬೆಲೆ ಇರುವುದು ಇದಕ್ಕಾಗಿಯೇ.