ಮನೆಯಂಗಳದ ವಿಲೋ

ಇಂಗ್ಲೆಂಡಿನಲ್ಲಿ ಮನೆಯ ಹಿಂದೆ ತುಸುವೇ ತೋಟವಿದ್ದರೂ ಅಲ್ಲಿ ಜೋಲುರೆಂಬೆಯ ವಿಲೋ ವೃಕ್ಷವೊಂದಿರಲೆಂದು ಹಂಬಲಿಸುವವರು ಬಹುಮಂದಿ. ಕೊಳದಂಚಿನಲ್ಲಿ ನಿಂತು, ಹೊಂಬಣ್ಣದ ನೀಳವಾದ ರೆಂಬೆಗಳನ್ನು ನೀರನ್ನು ಮುಟ್ಟುವವರೆಗೂ ಇಳಿಯಬಿಟ್ಟು, ಇತರ ಮರಗಳು ಇನ್ನೂ ಬೋಳಾಗಿರುವ ವಸಂತಾರಂಭದಲ್ಲಿಯೇ ಎಳೆಹಸಿರನ್ನು ತಳೆಯುವ ಆ ವೃಕ್ಷದ ಶೋಭೆಯನ್ನು ಒಮ್ಮೆ ಕಂಡವರಿಗೆ ಈ ಹಂಬಲ ಸಹಜವೆಂದೇ ತೋರುವುದು. ಆದರೆ ಅದರ ಸೌಂದರ್ಯಕ್ಕೂ, ಅದು ಗೃಹಸ್ಥನಿಗೆ ತಂದೊಡ್ಡುವ ಕ್ಲೇಶಗಳಿಗೂ ಕಾರಣವೊಂದೇ: ನೀರಿನೊಡನೆ ಅದಕ್ಕಿರುವ ಬಿಡಿಸಲಾಗದ ನಂಟು. ಈ ನಂಟನ್ನು ಅರಿಯದೆ ವಿಲೋ ಸಸಿಯನ್ನು ಮನೆಯಂಗಳಕ್ಕೆ ತರಲಾಗದೆಂಬುದು ನನ್ನ ದೃಢವಾದ ಅಭಿಪ್ರಾಯ.

ಸ್ಯಾಲಿಕ್ಸ್ ಕುಲಕ್ಕೆ ಸೇರಿದ ಸುಮಾರು 400 ಪ್ರಭೇದಗಳಲ್ಲಿ ಹೆಚ್ಚಿನವು ಉತ್ತರಾರ್ಧಗೋಲದ ಶೀತ ಮತ್ತು ಸಮಶೀತೋಷ್ಣ ವಲಯಗಳ ನದೀತೀರಗಳಲ್ಲಿಯೂ ಜೌಗುನೆಲಗಳಲ್ಲಿಯೂ ಬೆಳೆಯತಕ್ಕವು. ಜೋಲುರೆಂಬೆಯ ಮೂಲ ವೃಕ್ಷ ಚೀನ ದೇಶದ್ದು; ಇಂದು ಯೂರೋಪಿನ ಉದ್ಯಾನಗಳಲ್ಲಿ ಮೆರೆಯುವ ಹೊಂಬಣ್ಣದ ಮರವಾದರೋ ಆ ಚೀನದ ವೃಕ್ಷಕ್ಕೂ ಯೂರೋಪಿನ ಬಿಳಿ ವಿಲೋವಿಗೂ ಆದ ಸಂಕರದಿಂದ ಹುಟ್ಟಿದುದು.

ಹೊಳೆಯ ದಡದಲ್ಲಿ ಬಾಳುವ ಮರವು ನೆರೆಯ ಹೊಡೆತಕ್ಕೆ ಸದಾ ಸಿದ್ಧವಾಗಿರಬೇಕಷ್ಟೆ. ಪ್ರವಾಹದ ರಭಸಕ್ಕೆ ಮುರಿದುಹೋದ ವಿಲೋ ರೆಂಬೆ ನೀರಿನಲ್ಲಿ ತೇಲುತ್ತ ಸಾಗಿ, ಎಲ್ಲಿಯೋ ಕೆಳಗಿನ ಕೆಸರಿನಲ್ಲಿ ಸಿಕ್ಕಿಕೊಂಡು, ಕೆಲವು ದಿನಗಳಲ್ಲಿಯೇ ಬೇರೂರಿ ಹೊಸ ಮರವಾಗಬಲ್ಲುದು. ಏಕೆಂದರೆ ಅನೇಕ ವಿಲೋ ಪ್ರಭೇದಗಳಲ್ಲಿ ಬೇರಿನ ಅಂಕುರಗಳು ಎಳೆಯ ರೆಂಬೆಯ ತೊಗಟೆಯ ಕೆಳಗೆ ಮೊದಲೇ ಸಿದ್ಧವಾಗಿ, ತೇವದ ಸ್ಪರ್ಶವೊಂದನ್ನೇ ಕಾಯುತ್ತಿರುತ್ತವೆ. ಆದುದರಿಂದ ಇದನ್ನು ಬೆಳೆಸಲಿಚ್ಛಿಸುವವನಿಗೆ ಬೀಜದ ಚಿಂತೆಯಿಲ್ಲ. ಎಲೆಯುದುರಿದ ಚಳಿಗಾಲದಲ್ಲಿ ಬೆರಳುಗಾತ್ರದ, ಒಂದಡಿ ಉದ್ದದ ಕಡ್ಡಿಯನ್ನು ಕತ್ತರಿಸಿ, ಮುಕ್ಕಾಲು ಪಾಲು ಹುದುಗುವಂತೆ ತೇವದ ನೆಲದಲ್ಲಿ ನೆಟ್ಟರೆ ಸಾಕು. 1821ರಲ್ಲಿ ಸೇಂಟ್ ಹೆಲೀನಾ ದ್ವೀಪದಲ್ಲಿ ಮೃತನಾದ ನೆಪೋಲಿಯನ್ನನನ್ನು ವಿಲೋ ಮರಗಳ ನೆರಳಿನಲ್ಲಿ ಸಮಾಧಿಮಾಡಿದಾಗ, ಅಲ್ಲಿಗೆ ಬಂದ ಯಾತ್ರಿಕರು ಆ ಮರಗಳ ಕಡ್ಡಿಗಳನ್ನು ಮುರಿದೊಯ್ದು ದೂರದೂರದ ದೇಶಗಳಲ್ಲಿ ನೆಟ್ಟರೆಂದರೆ ಆಶ್ಚರ್ಯಪಡಬೇಕಾದುದಿಲ್ಲ.

ಇಷ್ಟು ಸುಲಭವಾಗಿ ಬೇರೂರುವ ಮರ ಬೇರನ್ನು ಎಲ್ಲಿಯವರೆಗೆ ಚಾಚೀತೆಂಬುದನ್ನು ನೆಡುವವರು ಸಾಮಾನ್ಯವಾಗಿ ಯೋಚಿಸುವುದಿಲ್ಲ. ಬೇಸಗೆಯಲ್ಲಿ ದೊಡ್ಡ ವಿಲೋ ನೆಲದಿಂದ ಹೀರುವ ನೀರು ಅಪಾರ. ಲಂಡನ್ ನಗರದ ತಳದಲ್ಲಿರುವ ಜೇಡಿಮಣ್ಣು ನಮ್ಮ ವಿಜಯಪುರ, ಧಾರವಾಡಗಳ ಎರೆಭೂಮಿಯಂತೆ ನೀರುಂಡಾಗ ಉಬ್ಬಿ, ಒಣಗಿದಾಗ ಕುಗ್ಗುವ ಸ್ವಭಾವದ್ದು. ಬೇರುಗಳು ತಳಪಾಯದಡಿಯ ತೇವವನ್ನು ಸೆಳೆದುಕೊಂಡೊಡನೆ ಮಣ್ಣು ಕುಸಿದು, ಅದರ ಮೇಲಿನ ಗೋಡೆ ಬಿರಿಯುತ್ತದೆ. 1976ರ ಮಹಾ ಅನಾವೃಷ್ಟಿಯ ವರ್ಷದಲ್ಲಿ ಬ್ರಿಟನ್ನಿನ ಅಸಂಖ್ಯ ಮನೆಗಳು ಹೀಗೆ ಬಿರುಕುಬಿಟ್ಟುವು. ಮನೆಗಳಿಗೆ ವಿಮೆ ಮಾಡುವ ಅಲ್ಲಿನ ಸಂಸ್ಥೆಗಳು ವಿಲೋ ಮರಕ್ಕೂ ಕಟ್ಟಡಕ್ಕೂ ನಡುವೆ 40 ಮೀಟರುಗಳ ಅಂತರವಿರಬೇಕೆಂದು ಸೂಚಿಸಿರುವುದು ಈ ಅನುಭವದಿಂದಲೇ. ಚರಂಡಿಯ ಕೊಳವೆಗಳ ವಿಷಯದಲ್ಲಿ ಮಾತ್ರ ಮರದ ಮೇಲೆ ಹೊರಿಸುವ ಅಪವಾದ ಪೂರ್ಣ ನ್ಯಾಯವಾದುದಲ್ಲ: ಗಟ್ಟಿಯಾದ ಕೊಳವೆಯನ್ನು ಬೇರು ಒಡೆಯುವುದು ವಿರಳ, ಸಂದಿನಿಂದ ಮೊದಲೇ ನೀರೊಸರುತ್ತಿದ್ದರೆ ಒಳಹೊಕ್ಕು, ಅಲ್ಲಿ ಸೊಂಪಾಗಿ ಬೆಳೆದು, ಹರಿವನ್ನು ಕಟ್ಟಿಬಿಡುತ್ತದೆ.

ಹಾಗಾದರೆ ಸಣ್ಣ ತೋಟದವರು ಈ ಶೋಭೆಯನ್ನು ತೊರೆಯಬೇಕೆ? ಬೇಕಿಲ್ಲ. 19ನೆಯ ಶತಮಾನದಲ್ಲಿ ಸ್ಕಾಟ್ಲೆಂಡಿನ ಏರ್ ನದಿಯ ದಡದಲ್ಲಿ ದೊರೆತು, ಕಿಲ್ಮಾರ್ನಾಕ್ ಪಟ್ಟಣದ ಸಸ್ಯವ್ಯಾಪಾರಿ ಥಾಮಸ್ ಲ್ಯಾಂಗನಿಂದ ಪ್ರಚಾರಕ್ಕೆ ಬಂದ 'ಕಿಲ್ಮಾರ್ನಾಕ್' ಎಂಬ ತಳಿಯನ್ನು ನೆಟ್ಟಗಿನ ಕಾಂಡವೊಂದರ ತುದಿಗೆ ಕಸಿಮಾಡಿ ಬೆಳೆಸುತ್ತಾರೆ. ಅದರ ರೆಂಬೆಗಳು ಕೆಳಮುಖವಾಗಿಯೇ ಬೆಳೆಯುವುದರಿಂದ ಕಸಿಯ ಎತ್ತರವೇ ಹೆಚ್ಚುಕಡಿಮೆ ಮರದ ಎತ್ತರ. ಆಳೆತ್ತರವನ್ನು ಅದು ಮೀರುವುದು ಅಪೂರ್ವ. ವಿಲೋಗಳಲ್ಲಿ ಗಂಡುಮರ, ಹೆಣ್ಣುಮರಗಳು ಬೇರೆಬೇರೆ. ಕಿಲ್ಮಾರ್ನಾಕ್ ಗಂಡುತಳಿಯಾದುದರಿಂದ ಎಲೆ ಮೂಡುವ ಮುನ್ನವೇ ಅದರ ಬೆಳ್ಳಿಬಣ್ಣದ ಹೂಗೊಂಚಲುಗಳು ಹಳದಿಯ ಪರಾಗದಿಂದ ತುಂಬಿ, ಚಳಿಗಾಲ ಕಳೆದು ಹಸಿದೆದ್ದ ಜೇನುನೊಣಗಳಿಗೆ ವರ್ಷದ ಮೊದಲ ಆಹಾರಗಳಲ್ಲಿ ಒಂದಾಗುತ್ತವೆ. ಹೂ ಮುಗಿದ ಮೇಲೆ ಒಳಗಿನ ಒಣರೆಂಬೆಗಳನ್ನು ಸವರಬೇಕು. ಕಸಿಯ ಕೆಳಗೆ ಕಾಂಡದಿಂದ ಹೊರಡುವ ಚಿಗುರನ್ನು ಕಂಡಾಗಲೆಲ್ಲ ಕಿತ್ತುಹಾಕಬೇಕು, ಇಲ್ಲವಾದರೆ ಅದೇ ಪ್ರಬಲವಾಗಿ ಮೇಲಿನ ಕಸಿಯನ್ನು ನುಂಗಿಬಿಡುತ್ತದೆ.

ಬಣ್ಣವನ್ನು ಬಯಸುವವರಿಗೆ ಬಿಳಿ ವಿಲೋವಿನ 'ಬ್ರಿಟ್ಜೆನ್ಸಿಸ್' ಎಂಬ ತಳಿಯುಂಟು. ಅದರ ಎಳೆಯ ಕಡ್ಡಿಗಳಿಗೆ ಮಾತ್ರ ಕೆಂಡದ ಬಣ್ಣವಿರುವುದರಿಂದ, ಚಳಿಗಾಲದ ಕೊನೆಯಲ್ಲಿ ಬುಡದವರೆಗೆ ಕಡಿದುಹಾಕಿದರೆ ಮುಂದಿನ ಹಿಮದ ವೇಳೆಗೆ ಹೊಸ ಕಡ್ಡಿಗಳು ಪೊದೆಯಾಗಿ ಎದ್ದು ಬೆಳಗುತ್ತವೆ. ಹೀಗೆ ಕಡಿಯುವುದರಿಂದ ಗಿಡದ ಗಾತ್ರವೂ, ಅದರೊಡನೆ ಅದರ ದಾಹವೂ ಮಿತಿಯಲ್ಲಿರುವುದು.

ಕನ್ನಡನಾಡಿನಲ್ಲಿಯೂ ಈ ಕುಲದ ಪ್ರತಿನಿಧಿಯೊಂದುಂಟು: ಪಶ್ಚಿಮಘಟ್ಟಗಳ ಹಳ್ಳಕೊಳ್ಳಗಳ ಬದಿಯಲ್ಲಿ ಬೆಳೆಯುವ ನೀರಂಜಿ. ಅದರ ರೆಂಬೆಗಳು ಚೀನದ ವೃಕ್ಷದಂತೆ ಜೋಲಾಡುವುದಿಲ್ಲವಾದರೂ, ದಡದ ಮಣ್ಣನ್ನು ಹಿಡಿದು ನಿಲ್ಲಿಸುವ ಬೇರುಗಳಲ್ಲಿ ಅದು ಯಾವ ವಿಲೋವಿಗೂ ಕಡಮೆಯಲ್ಲ. ಪರದೇಶದಲ್ಲಿ ನೆಲೆಸಿ ಅಲ್ಲಿ ತೋಟ ಮಾಡುವ ಕನ್ನಡಿಗರು ವಿಲೋ ನೆಡುವ ಮೊದಲು ಗೋಡೆಯಿಂದ ದೂರವನ್ನು ಅಳೆದು, ಸ್ಥಳ ಕಿರಿದಾದರೆ ಗಿಡ್ಡ ತಳಿಯನ್ನೇ ಆರಿಸಲಿ; ಮಲೆನಾಡಿನಲ್ಲಿ ಹಳ್ಳದಂಚಿನ ಜಮೀನುಳ್ಳವರು ಅಲ್ಲಿ ತಾನಾಗಿ ಬೆಳೆದ ನೀರಂಜಿಯನ್ನು ಕಡಿಯದೆ ಉಳಿಸಿಕೊಳ್ಳಲಿ.